ಕುಂಕುಮ ಹಚ್ಚಿದ ಮೂಲೆ

ಬೇಗಂಪೇಟೆಯಲ್ಲಿ ವಾರಕ್ಕೊಂದು ಸಾಫ್ಟ್‌ವೇರ್ ಕಂಪನಿ ಬೋರ್ಡು ಏರಿಸುತ್ತಿದ್ದ ವರ್ಷಗಳವು. ನಾನು ಸಿಕಂದರಾಬಾದ್ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಸ್ಟಿಕರ್ ಅಂಗಡಿ ಇಟ್ಟಿದ್ದೆ. ಗಾಜಿನ ಬಾಗಿಲು, ನಾಮಫಲಕ, ಗಾಡಿಯ ನಂಬರ್ ಪ್ಲೇಟು, ಏನು ತಂದರೂ ಅಂಟಿಸಿ ಕೊಡುವುದು ನನ್ನ ಕೆಲಸ. ದಿನವಿಡೀ ನಿಂತು ನಿಂತು ಮೊಣಕಾಲು ಹಿಡಿದುಕೊಳ್ಳುತ್ತಿತ್ತು, ಬಲಗೈ ಹೆಬ್ಬೆರಳು ಬಗ್ಗುವುದನ್ನೇ ಮರೆತಿತ್ತು. ಹೊಸ ಕೆಲಸ ಬಂತೆಂದರೆ ಖುಷಿಗಿಂತ ಮೊದಲು ಬೇಸರವೇ ಬರುತ್ತಿತ್ತು. ಅಂಥ ದಿನಗಳಲ್ಲೇ ಶರಣಪ್ಪನವರು ತಮ್ಮ ಯಂತ್ರವನ್ನು ಟ್ರಾಲಿ ಆಟೋದಲ್ಲಿ ಹೇರಿಕೊಂಡು ಬಂದರು.

ಅವರು ನಮ್ಮ ರಾಯಚೂರು ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು. ನಾರಾಯಣಗೂಡದ ಕಾಲೇಜುಗಳ ಮಗ್ಗುಲಲ್ಲಿ ವಿಡಿಯೊ ಗೇಮ್ ಪಾರ್ಲರ್ ನಡೆಸಿದ್ದರು. ಬೀರುವಿನಷ್ಟು ಎತ್ತರದ, ನಿಂತು ಆಡುವ ಯಂತ್ರಗಳು. ಮನೆಗಳಿಗೆ ಕಂಪ್ಯೂಟರ್ ಬಂದ ಮೇಲೆ ಗಿರಾಕಿ ನಿಂತುಹೋಗಿ ಪಾರ್ಲರ್ ಮುಚ್ಚಿತು. ಒಂದೇ ಒಂದು ಯಂತ್ರ ಉಳಿಸಿಕೊಂಡು, ಯಾರದೋ ಗೋದಾಮಿನ ಬಾಗಿಲಲ್ಲಿ ಕಾವಲು ಕೂತಿದ್ದರು. ಈಗ ಬೇಗಂಪೇಟೆಯ ಒಂದು ಕಂಪನಿ, ನೌಕರರು ದಣಿವಾರಿಸಿಕೊಳ್ಳುವ ಹಾಲಿನಲ್ಲಿ ಹಳೆಯ ಗೇಮ್ ಯಂತ್ರ ಇಡಬೇಕೆಂದಿತ್ತು. ಯಂತ್ರ ಒಪ್ಪಿಗೆಯಾದರೆ ಅದನ್ನು ನೋಡಿಕೊಳ್ಳುವ ಕೆಲಸವೂ ಅವರಿಗೇ. ಸೋಮವಾರ ಕಂಪನಿಯ ಮೇಡಂ ನನ್ನ ಅಂಗಡಿಗೇ ಬಂದು ನೋಡುವುದೆಂದು ಮಾತಾಗಿತ್ತು.

"ಕಾವಲಿ ಕುಂತು ಕುಂತು ಸಾಕಾಗೈತ್ರಿ ಮಿಸ್ತ್ರಿ. ನನಗ ಬರೋದು ಇದೊಂದ ಕೆಲಸ. ಇದೊಂದು ಆತಂದ್ರ ಮತ್ತ ಮನುಷ್ಯಾ ಆಗ್ತೀನಿ," ಎಂದರು.

ಯಂತ್ರದ ಒಳಗೆಲ್ಲ ಸರಿಯಿತ್ತು. ಕೆಟ್ಟಿದ್ದು ಕಂಟ್ರೋಲ್ ಪ್ಯಾನೆಲ್, ಅಂದರೆ ಜಾಯ್‌ಸ್ಟಿಕ್ಕು, ಗುಂಡಿಗಳು ಕೂರುವ ಇಳಿಜಾರು ತಗಡು. ಅದರ ಮೇಲೆ ಅಂಟಿಸುವ ಚಿತ್ರದ ಹಾಳೆಗೆ ಓವರ್‌ಲೇ ಎನ್ನುತ್ತಾರೆ. ಹುಡುಗರ ಅಂಗೈ ಉಜ್ಜಿ ಉಜ್ಜಿ ಅದು ಬೆಳ್ಳಗಾಗಿ ಅಲ್ಲಲ್ಲಿ ಕಿತ್ತುಹೋಗಿತ್ತು. ಯಂತ್ರದ ಜೊತೆಗೇ ಬಂದಿದ್ದ ಇನ್ನೊಂದು ಓವರ್‌ಲೇಯನ್ನು ಶರಣಪ್ಪನವರು ಎರಡು ರಟ್ಟಿನ ನಡುವೆ ಇಟ್ಟು, ಟ್ರಂಕಿನ ತಳದಲ್ಲಿ ಇಷ್ಟೂ ವರ್ಷ ಕಾಪಾಡಿದ್ದರು. ಹೊಸದಾಗಿ ಪ್ರಿಂಟ್ ಮಾಡಿಸಿದ್ದು ಮೇಡಂಗೆ ಬೇಡವಾಗಿತ್ತು, ಅಸಲಿಯೇ ಬೇಕಿತ್ತು. ಇದ್ದದ್ದು ಒಂದೇ ಹಾಳೆ.

ಶನಿವಾರ ಕೆಲಸಕ್ಕೆ ಕೈ ಹಾಕಿದೆ. ಗುಂಡಿಗಳನ್ನು ಬಿಚ್ಚಿ, ಹಳೆಯ ಹಾಳೆಗೆ ಬಿಸಿ ಗಾಳಿ ಹಿಡಿದು ಸುಲಿದು, ಉಳಿದ ಅಂಟನ್ನು ಸ್ಪಿರಿಟ್ ಹಾಕಿ ತೆಗೆದೆ. ತಗಡು ಕನ್ನಡಿಯಂತಾಯಿತು. ಆಮೇಲೆ ರೂಢಿಯಂತೆ ಅದರ ಎಡಮೂಲೆಗೆ ಕುಂಕುಮ ಹಚ್ಚಿ, ಕೈಮುಗಿದು, ಅಂಗಿಯ ತೋಳಿನಿಂದ ಒರೆಸಿದೆ.

ಈ ರೂಢಿ ನಮ್ಮಪ್ಪನದು. ಅವರು ಬೋರ್ಡು ಬರೆಯುತ್ತಿದ್ದರು. ಬ್ರಷ್ಷು ಮುಟ್ಟುವ ಮೊದಲು ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ತಗಡಿಗೆ ಬೀಳಲೇಬೇಕು. ಅವರ ಬಣ್ಣವೂ ಎಣ್ಣೆಯದೇ, ಏನೂ ಆಗುತ್ತಿರಲಿಲ್ಲ. ನಾನು ಗಾಜಿಗೆ ಸ್ಟಿಕರ್ ಹಚ್ಚುವಾಗ ಸೋಪಿನ ನೀರು ಸಿಂಪಡಿಸುತ್ತೇನೆ. ಹಾಳೆ ಜಾರಿಸಿ ಕೂರಿಸಲು ಅದು ಬೇಕು, ಎಣ್ಣೆಯೂ ಅದರಲ್ಲೇ ತೊಳೆದುಹೋಗುತ್ತದೆ. ಆದರೆ ಅಷ್ಟು ಹಳೆಯ ಅಂಟು ನೀರು ತಡೆಯುವುದಿಲ್ಲವೆಂದು ಈ ಹಾಳೆಯನ್ನು ಒಣಗೈಯಲ್ಲೇ ಕೂರಿಸಿದೆ. ಹಿಂದಿನ ಕಾಗದವನ್ನು ಬೆರಳಗಲ ಬಿಡಿಸುವುದು, ಬಟ್ಟೆ ಸುತ್ತಿದ ಪಟ್ಟಿಯಿಂದ ಒತ್ತುವುದು, ಮತ್ತೆ ಬೆರಳಗಲ. ಒಂದು ತಾಸು ಉಸಿರು ಬಿಗಿಹಿಡಿದೇ ಮಾಡಿದೆ. ನೀರಿಲ್ಲದೆ ಎಣ್ಣೆ ಎಲ್ಲಿಗೆ ಹೋದೀತೆಂಬ ಯೋಚನೆ ಮಾತ್ರ ಈ ದಡ್ಡ ತಲೆಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ನೋಡಿದರೆ ಎಡಮೂಲೆಯಲ್ಲಿ ರೂಪಾಯಿಯಗಲ ಗುಳ್ಳೆ ಎದ್ದಿತ್ತು. ಒತ್ತಿದರೆ ಕೂರುತ್ತದೆ, ಬಿಟ್ಟರೆ ಏಳುತ್ತದೆ. ಕಾರಣ ನನಗೆ ತಕ್ಷಣ ತಿಳಿಯಿತು. ಅಷ್ಟರಲ್ಲಿ ಶರಣಪ್ಪನವರು ಬಂದು ಹಿಂದೆ ನಿಂತಿದ್ದರು.

"ಹಿಂಗ್ಯಾಕ ಆತ್ರಿ?"

"ಹಳೇ ಗೋಂದು ನೋಡ್ರಿ. ಸತ್ತೈತಿ," ಎಂದುಬಿಟ್ಟೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದ ಮಿಸ್ತ್ರಿ, ಬೊಟ್ಟಿಟ್ಟು ಕೆಡಿಸಿದೆ ಎಂದು ಹೇಳಲು ನಾಚಿಕೆಯಾಯಿತು.

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಿಮ್ದೇನ್ ತಪ್ಪೈತ್ರಿ? ನಾನ ಭಾಳ ವರ್ಷ ಇಟ್ಟು ಕೆಡಿಸ್ದೆ," ಎಂದು ತಲೆ ತಗ್ಗಿಸಿ ಹೊರಟರು. ಕರೆದು ಹೇಳಬಹುದಿತ್ತು, ಕರೆಯಲಿಲ್ಲ.

ಅವರು ಹೋದ ಮೇಲೆ ಆ ಮೂಲೆಗೆ ಬಿಸಿ ಗಾಳಿ ಹಿಡಿದು ಮೆಲ್ಲಗೆ ಎತ್ತಿದೆ. ಸ್ಪಿರಿಟ್ ಹತ್ತಿಯಲ್ಲಿ ತಗಡನ್ನೂ ಒಣ ಬಟ್ಟೆಯಲ್ಲಿ ಹಾಳೆಯ ಅಡಿಯನ್ನೂ ಒರೆಸಿದಾಗ ಹತ್ತಿಗೂ ಬಟ್ಟೆಗೂ ನಸುಗೆಂಪು ಹತ್ತಿತು. ಒಣಗಿಸಿ ಮತ್ತೆ ಕೂರಿಸಿದೆ. ಅಂಟು ಸತ್ತಿರಲಿಲ್ಲ, ಗಟ್ಟಿಯಾಗಿ ಹಿಡಿಯಿತು. ಇನ್ನು ಯಾರಿಗೂ ಏನೂ ಹೇಳಬೇಕಿಲ್ಲವೆಂದು ಸಮಾಧಾನದಿಂದ ಮನೆಗೆ ಹೋದೆ.

ಸೋಮವಾರ ಮೇಡಂ ಬಂದರು. ಪ್ಯಾನೆಲ್ ಮೇಲೆ ಕೈಯಾಡಿಸಿ, "ಬಹುತ್ ಅಚ್ಛಾ," ಎಂದು ನಕ್ಕರು. ಎಷ್ಟು ದಿನ ಬಾಳಿಕೆ ಬರುತ್ತದೆ ಎಂದು ಶರಣಪ್ಪನವರನ್ನೇ ಕೇಳಿದರು. ಆ ಮನುಷ್ಯ ತಮಗೆ ಬರುವ ಹಿಂದಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದರು: ಗೋಂದು ಹಳೆಯದು ಮೇಡಂ, ಸತ್ತಿದೆ ಅಂತ ಮಿಸ್ತ್ರಿಯೇ ಹೇಳಿದ್ದಾರೆ, ನಿನ್ನೆ ಎದ್ದಿತ್ತು, ಮತ್ತೆ ಏಳಬಹುದು, ನಿಮಗೆ ಸುಳ್ಳು ಹೇಳಲಾರೆ.

ನಾನು ಮುಂದೆ ಬಂದು, ತಪ್ಪು ನನ್ನದು, ಹಾಳೆ ಎದ್ದದ್ದು ನಾನು ಹಚ್ಚಿದ ಕುಂಕುಮದ ಎಣ್ಣೆಯಿಂದ, ಅಂಟು ಚೆನ್ನಾಗಿದೆ, ನಿನ್ನೆ ಸುಳ್ಳು ಹೇಳಿದ್ದೆ ಎಂದು ತೊದಲಿದೆ. ಮೇಡಂ ಇಬ್ಬರ ಮುಖವನ್ನೂ ನೋಡಿದರು. ನಿನ್ನೆ ಸುಳ್ಳು ಹೇಳಿದವನು ಇವತ್ತು ನಿಜ ಹೇಳುತ್ತಿದ್ದಾನೆಂದು ಅವರಾದರೂ ಹೇಗೆ ನಂಬಬೇಕು? ಯೋಚಿಸಿ ತಿಳಿಸುತ್ತೇನೆ ಎಂದು ಹೋದರು. ಮುಂದಿನ ವಾರ ಆ ಹಾಲಿಗೆ ಹೊಸ ಯಂತ್ರ ಬಂತೆಂದು ಸುದ್ದಿ ಬಂತು.

ಶರಣಪ್ಪನವರು ಜಗಳವಾಡಲಿಲ್ಲ. "ಕುಂಕುಮದ್ದು ಅಂತ ಆವತ್ತ ಹೇಳಿದ್ರ ನಾ ಏನ್ ಬೈತಿದ್ದೆನೇನ್ರಿ?" ಎಂದು ಕೇಳಿದರು, ಅಷ್ಟೇ.

ಆಮೇಲೆ ನಾನು ಕುಂಕುಮವನ್ನು ಮೇಜಿನ ಕಾಲಿಗೆ ಹಚ್ಚುತ್ತಿದ್ದೆ, ಕೆಲಸಕ್ಕಲ್ಲ. ಕೆಲಸ ಕೆಟ್ಟರೆ ಗಿರಾಕಿ ಕೂರುವ ಮೊದಲೇ ಹೇಳಿಬಿಡುತ್ತಿದ್ದೆ. ಕೆಟ್ಟ ಹಾಳೆಯನ್ನು ಮತ್ತೆ ಎತ್ತಿ ಕೂರಿಸಲು ನನಗೆ ಬರುತ್ತಿತ್ತು, ಆಡಿದ ಮಾತಿಗೆ ಆ ವಿದ್ಯೆ ಇರಲಿಲ್ಲ.

ಇಡಲು ಜಾಗವಿಲ್ಲದೆ ಯಂತ್ರ ನನ್ನ ಅಂಗಡಿಯಲ್ಲೇ ಉಳಿಯಿತು. ಶರಣಪ್ಪನವರು ಕಾವಲಿಗೆ ಹೋಗುವ ದಾರಿಯಲ್ಲಿ ಆಗೊಮ್ಮೆ ಈಗೊಮ್ಮೆ ಬಂದು ಒಂದು ಆಟ ಆಡುತ್ತಿದ್ದರು. ಆಟ ಮುಗಿದ ಮೇಲೆ ಎಡಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು.

"ಗಟ್ಟಿ ಹಿಡದೈತ್ರಿ ಮಿಸ್ತ್ರಿ," ಎನ್ನುತ್ತಿದ್ದರು. ಮಾತಿನಲ್ಲಿ ಕೊಂಕು ಇರುತ್ತಿರಲಿಲ್ಲ. ಆಮೇಲೆ ಬುತ್ತಿ ಎತ್ತಿಕೊಂಡು ಗೋದಾಮಿನ ಕಡೆ ನಡೆಯುತ್ತಿದ್ದರು.