ಅತ್ತಿಯ ಮಿಸರಿ ಡಬ್ಬಿ

ಅತ್ತಿ ಬಾಯಾಗ ಹುಣ್ಣಾದ ಮ್ಯಾಲ ನಮ್ಮ ಮನ್ಯಾಗ ಜಗಳಾನ ನಿಂತು ಹೋತು. ಮೊದಲ ಹಂಗಿರಲಿಲ್ಲ. ನಾ ರೊಟ್ಟಿ ಬಡದ್ರ ದಪ್ಪ ಅಂತಿದ್ಲು, ಕುರಿ ದಡ್ಡಿ ಕಸ ಹೊಡದ್ರ ಮೂಲಿ ಬಿಟ್ಟಿ ಅಂತಿದ್ಲು. ನಾನೂ ಸುಮ್ಮ ಕುಂದ್ರಾಕಿ ಅಲ್ಲ, ಒಂದಕ್ಕ ಎರಡು ಅಂತಿದ್ದೆ. ಅಂಥಾಕಿ ಕೈಸನ್ನಿ ಮಾಡಿ ನೀರು ಕೇಳಾಕ ಹತ್ತಿದ್ಲು.

ಮೊದಮೊದಲು ಯಾರೂ ತಲಿ ಕೆಡಿಸ್ಕೊಳ್ಳಲಿಲ್ಲ. ಒಳಗಿನ ಗಲ್ಲಕ್ಕ ಬೆಳ್ಳಗ ಜ್ವಾಳದ ಕಾಳಿನಷ್ಟು ಹುಣ್ಣು, ಉಷ್ಣ ಆಗಿರಬೇಕು ಅಂದ್ವಿ. ಸೊರಡಿಯಿಂದ ನಮ್ಮವ್ವ ಫೋನ್ ಮಾಡಿ ಪೇರಲ ಎಲಿ ಅಗಿಸು ಅಂದ್ಲು. ಅಗಿಯೂದೆಲ್ಲಿ, ಬಾಯಿ ತೆರದ್ರ ಕಣ್ಣಾಗ ನೀರು. ಎಲಿ ಕುದಿಸಿ, ಆರಿಸಿ, ಆ ನೀರು ಬಾಯಿ ಮುಕ್ಕಳಿಸಾಕ ಕೊಟ್ಟೆ. ಜೇನು ಹಚ್ಚಿದೆ, ತುಪ್ಪ ಹಚ್ಚಿದೆ. ಮಗ್ಗಲ ಮನಿ ಮುದುಕಿ ತುರಟಿ ತಂದ್ಲು, ಗಡ್ಡ ಬೋಳಿಸಿದ ಮ್ಯಾಲ ತಿಕ್ಕತಾರಲ್ಲ, ಆ ಕಲ್ಲು. ಅದನ್ನ ಪುಡಿ ಮಾಡಿ ಹಚ್ಚಿದಾಗ ಅತ್ತಿ ಕಂಬಕ್ಕ ಹಣಿ ಒತ್ತಿ ಕುಂತುಬಿಟ್ಲು. ಹೇಳವರಿಗೇನು, ಉರಿಯೂದು ಈಕಿ ಬಾಯಿ.

ನನ್ನ ಗಂಡಗ ಆಡಿನ ಹಾಲಿನ ಮ್ಯಾಲ ಭಾಳ ನಂಬಿಕಿ. ಮುಂಜಾನೆ ಕುರಿ ಬಿಡೂಕ್ಕಿಂತ ಮೊದಲ ಅವ್ವನ್ನ ಆಡಿನ ಬಾಜೂಕ ಕುಂದ್ರಿಸಿ, ಮೊಲಿಯಿಂದ ನೇರ ಬಾಯಾಗ ಹಿಂಡ್ತಿದ್ದ. "ನುಂಗಬ್ಯಾಡ ಯವ್ವಾ, ಗಲ್ಲದಾಗ ಇಟ್ಕೋ" ಅಂತಿದ್ದ. ಬೆಚ್ಚನ್ನ ಹಾಲಿಗೆ ಆಕಿ ಮಾರಿ ಸ್ವಲ್ಪ ಸಡಲಾಗೂದು. ಅದನ್ನ ನೋಡಿ ನನಗೂ ಜೀವ ಹಗುರ ಆಗತಿತ್ತು.

ಆದ್ರ ಹಾಲು ಉಗುಳಿದಾಕಿನ ಮಿಸರಿ ಡಬ್ಬಿಗೆ ಕೈ ಹಾಕ್ತಿದ್ಲು. ತಂಬಾಕು ಹಂಚಿನ ಮ್ಯಾಲ ಕರ್ರಗ ಹುರಿದು, ಪುಡಿ ಮಾಡಿ, ಹಲ್ಲಿಗೆ ತಿಕ್ಕೂದಕ್ಕ ನಮ್ಮ ಕಡಿ ಮಿಸರಿ ಅಂತಾರ. ಮಿಸರಿ ತಿಕ್ಕಿದ್ರ ಹುಣ್ಣಿನ ಹುಳ ಸಾಯತಾವ ಅಂತ ಆಕಿ ನಂಬಿದ್ಲು, ನಾವೂ ನಂಬಿದ್ವಿ. ನಾ ಈ ಮನಿ ಹೊಸ್ತಿಲ ತುಳದಾಗಿಂದ ವಾರಕ್ಕೊಮ್ಮಿ ಅದನ್ನ ಹುರಿಯೂದು ನನ್ನ ಕೆಲಸ. ಕೆಮ್ಮಿಕೋತ, ಬೈಕೋತ ಹುರೀತಿದ್ದೆ. ಹುಣ್ಣಾದ ಮ್ಯಾಲ ಬೈಯಲಿಲ್ಲ, ಒಂದು ಹಿಡಿ ಹೆಚ್ಚಿಗಿ ಹುರಿದು ಕೊಟ್ಟೆ.

ಮೂರು ವಾರ ಆದ್ರೂ ಹುಣ್ಣು ಮಾಯಲಿಲ್ಲ, ಅಗಲ ಆತು. ಜತ್ತಿನ ದವಾಖಾನಿಗೆ ಕರಕೊಂಡು ಹೋದ್ವಿ. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ ಮೊದಲ ಕೇಳಿದ್ದ ಮಾತು, ಮಿಸರಿ ತಿಕ್ಕತಾರೇನು ಅಂತ. ಇವತ್ತಿನಿಂದ ಮುಟ್ಟಬಾರದು, ಮಿರಜಿಗೆ ಒಯ್ದು ಹುಣ್ಣಿನ ತುಂಡು ತಗದು ತಪಾಸಣಿ ಮಾಡಸ್ರಿ ಅಂದ್ರು. ಹುರಿದು ಕೊಡಾಕಿ ಯಾರು ಅಂತ ಅವರು ಕೇಳಲಿಲ್ಲ. ನಾ ಗ್ವಾಡಿ ಕಡಿ ಮಾರಿ ಮಾಡಿ ನಿಂತಿದ್ದೆ.

ನಮ್ಮೂರು ದರಿಬಡಚಿಗೆ ಬಂದಾಕಿನ ಮಿಸರಿ ಡಬ್ಬಿ ಒಯ್ದು ಹಿಟ್ಟಿನ ಡಬ್ಬಿ ಹಿಂದ ಬಚ್ಚಿಟ್ಟೆ. ಸಂಜಿಮುಂದ ಗಂಜಿ ಕೊಟ್ರ ಎರಡು ಗುಟುಕು ಕುಡಿದು, ದವಡಿ ಹಿಡಕೊಂಡು ಅತ್ಲು. ಡಾಕ್ಟರು ಕೊಟ್ಟ ಮುಲಾಮು ತೋರಿಸಿದೆ, ಹಾಲು ತೋರಿಸಿದೆ. ಬ್ಯಾಡ ಅಂತ ತಲಿ ಅಲ್ಲಾಡಿಸಿ, ತೋರಬೆರಳಿಲೆ ಹಲ್ಲು ತಿಕ್ಕಿದಂಗ ಮಾಡಿದ್ಲು.

"ಇಲ್ರಿ ಅತ್ತಿ, ತಿಪ್ಪಿಗೆ ಚೆಲ್ಲಿ ಬಂದೀನಿ" ಅಂದೆ.

ಬೈದಿದ್ರ ತಡಕೋತಿದ್ದೆ, ತಿರುಗಿ ಬೈತಿದ್ದೆ. ನನಗ ಒಮ್ಮಿನೂ ಚಲೋ ಅನ್ನದಾಕಿ, ಸೊಸಿ ಮುಂದ ಎರಡೂ ಕೈ ಜೋಡಿಸಿದ್ಲು. ನಾ ಎದ್ದು ಹೋಗಿ ಡಬ್ಬಿ ತಂದು, ಮುಚ್ಚಳ ತಗದು, ಆ ಕೈಯಾಗ ಇಟ್ಟೆ.