ಹಾಳೆ ಪೊಟ್ಟಣದ ಕುಡಿ

ಹೋದ ತಿಂಗಳು ಅಡುಗೆಮನೆ ಕಟ್ಟೆಯ ಮೇಲೆ ಅಡಿಕೆ ಹಾಳೆಯ ಪೊಟ್ಟಣವೊಂದನ್ನು ಬಿಚ್ಚಿದೆ. ಒದ್ದೆ ಹಾಳೆಯ ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಆಚೆಮನೆಯ ದೊಡ್ಡಮ್ಮ ಎದುರಿಗೇ ಬಂದು ನಿಂತಂತಾಯಿತು. ಜೊತೆಗೆ ಹಳೆಯ ಸಿಟ್ಟೂ ಬಂತು. ಸತ್ತವರ ಮೇಲೆ ಸಿಟ್ಟು ಮಾಡಬಾರದು, ಗೊತ್ತು. ಆದರೆ ಅವರು ನನ್ನ ತಲೆ ತಿಂದದ್ದು ಅಷ್ಟಿಷ್ಟಲ್ಲ...

ಮದುವೆಯಾಗಿ ಮೇಗುಂದದ ಕಡೆಗೆ ಬಂದಾಗಿನಿಂದ ಅವರನ್ನು ಕಂಡವಳು ನಾನು. ಪೂಜೆಯ ಮನೆಗೆ ಹೋಗಲಿ, ಸಾವಿನ ಮನೆಗೆ ಹೋಗಲಿ, ವಾಪಸ್ ಬರುವಾಗ ಅವರ ಸೆರಗಿನಲ್ಲಿ ಒಂದು ಕುಡಿ ಇರಲೇಬೇಕು. ಡೇರೆ ಹೂವಿನದೋ, ದಾಸವಾಳದ್ದೋ, ಮೆಣಸಿನ ಬಳ್ಳಿಯದೋ. ನಮ್ಮ ಕಡೆ ಹೆಂಗಸರೆಲ್ಲ ಮಾಡುವುದೇ ಅದು, ನಾನೂ ಮಾಡಿದ್ದೇನೆ. ಆದರೆ ಅವರದೊಂದು ಕಟ್ಟಳೆಯಿತ್ತು. ಬರಿಗೈಯಲ್ಲಿ ಹೋಗಿ ಗಿಡ ತರಬಾರದು, ನಮ್ಮದೊಂದು ಅಲ್ಲಿ ಕೊಟ್ಟು ಬರಬೇಕು. ಹಾಗಾಗಿ ಹೋಗುವಾಗಲೂ ಕಂಕುಳಲ್ಲೊಂದು ಹಾಳೆ ಪೊಟ್ಟಣ. ನನಗೂ ಕೊಟ್ಟು ಸುಮ್ಮನಿರುತ್ತಿದ್ದರೇ? ದಿನಾ ಬೆಳಿಗ್ಗೆ ಬೇಲಿ ಹತ್ತಿರ ನಿಂತು, "ಚಿಗುರಿತೇನೇ?" ದೇವರಿಗೆ ನೆಮ್ಮದಿಯಾಗಿ ಹೂ ಕೊಯ್ಯಲಿಕ್ಕೂ ಬಿಡುತ್ತಿರಲಿಲ್ಲ.

ಅವರ ಮೊಮ್ಮಗಳು ಕೃಷಿ ಓದುತ್ತಿದ್ದಳು. ಕಾಲೇಜಿನಿಂದ ಕೆಲವರನ್ನು ಆರಿಸಿ ಕಾಳುಮೆಣಸಿನ ತೋಟ ನೋಡಲು ವಿಯೆಟ್ನಾಮಿಗೆ ಕಳಿಸುತ್ತಾರೆ, ಇವಳೂ ಹೋಗುತ್ತಾಳೆ ಎಂದು ಗೊತ್ತಾದಾಗ ಶೃಂಗೇರಿ ಅಮ್ಮನವರಿಗೆ ಹಣ್ಣುಕಾಯಿ ಹೇಳಿಕೊಂಡವಳು ನಾನು. ನಮ್ಮೂರಿನ ಬಳ್ಳಿಗಳೆಲ್ಲ ಸೊರಗು ರೋಗಕ್ಕೆ ಹೋಗುತ್ತಿದ್ದವು. ಸೊರಗಿದ ತೋಟವನ್ನೇ ಮತ್ತೆ ಎಬ್ಬಿಸಿದ ರೈತನೊಬ್ಬ ಅಲ್ಲಿದ್ದಾನಂತೆ, ಅವನ ತೋಟ ನೋಡಬೇಕು ಎಂಬುದೊಂದೇ ಹುಡುಗಿಯ ಜಪ.

ದೊಡ್ಡಮ್ಮನ ಜಪ ಬೇರೆ. "ಅಲ್ಲಿಂದ ಒಂದು ಕುಡಿ ತಾರೇ ಕೂಸೇ."

"ತರೋ ಹಾಗಿಲ್ಲ ಅಜ್ಜೀ. ಗಿಡದ ಜೊತೆ ರೋಗ ಬರುತ್ತೆ. ಏರ್‌ಪೋರ್ಟಲ್ಲಿ ಹಿಡೀತಾರೆ."

"ಎಂತ ಹಿಡಿಯೋದು? ನಾನು ಧರ್ಮಸ್ಥಳದಿಂದ ಬಾಳೆಕಂದೇ ತಂದಿದೀನಿ. ಕಂಡಕ್ಟ್ರು ಸೀಟು ಬಿಟ್ಟುಕೊಟ್ಟಿದ್ದ."

ನಾನು ಬೇಲಿ ದಾಟಿ ಹೋಗಿ ತಿಳಿಸಿ ಹೇಳಿದೆ. "ಆಯ್ತು ಮಾರಾಯ್ತಿ, ತರೋದು ಬೇಡ ಅಂದ್ರೆ ಬೇಡ" ಎಂದರು. ಅಷ್ಟು ಬೇಗ ಒಪ್ಪಿದಾಗಲೇ ಅನುಮಾನ ಬರಬೇಕಿತ್ತು.

ತರುವುದು ಬೇಡ ಎಂದಿದ್ದೆವು. ಕೊಡುವುದು ಬೇಡ ಎಂದು ಯಾರೂ ಹೇಳಿರಲಿಲ್ಲವಲ್ಲ! ತಮ್ಮ ಹಲಸಿನ ಮರದ ಮೆಣಸಿನ ಬಳ್ಳಿಯ ಕುಡಿಯನ್ನು ಮಣ್ಣುಸಮೇತ ಹಾಳೆಯಲ್ಲಿ ಸುತ್ತಿ, ಹುಡುಗಿಯ ಸೂಟ್‌ಕೇಸಿನ ತಳದಲ್ಲಿ ಚೂಡಿದಾರದ ಮಡಿಕೆಯೊಳಗೆ ಇಟ್ಟುಬಿಟ್ಟಿದ್ದರು. ಹೋದ ಮನೆಯವರಿಗೆ ಕೊಡಲಿಕ್ಕೆ.

ಅಲ್ಲಿ ಇಳಿದದ್ದೇ ಹಿಡಿದರು. ಹುಡುಗಿಗೆ ಏನೂ ಗೊತ್ತಿಲ್ಲ, ಅಲ್ಲಿಯ ಭಾಷೆ ಬಾರದು. ಕಾಲೇಜಿನ ಮೇಡಮ್ಮೊಬ್ಬರು ಬೈಯುತ್ತ ಜೊತೆಗೆ ಉಳಿದರಂತೆ, ಮಿಕ್ಕವರ ಬಸ್ಸು ಹೊರಟೇಹೋಯಿತು. ಪೊಟ್ಟಣ ಸುಟ್ಟು, ಸಹಿ ಹಾಕಿಸಿಕೊಂಡು ಬಿಡುವಷ್ಟರಲ್ಲಿ ಆ ರೈತನ ತೋಟ ನೋಡುವ ಹೊತ್ತು ಮುಗಿದಿತ್ತು. ಬೇರೆ ತೋಟ ನೋಡಿದಳು, ಅದೊಂದು ತಪ್ಪಿತು. ಹಿಡಿದವರು ಜೈಲಿಗೆ ಹಾಕಲಿಲ್ಲ, ವಾಪಸ್ ಅಟ್ಟಲಿಲ್ಲ, ಅದೇ ಪುಣ್ಯ ಎಂದು ಆ ದಿನ ದೇವರ ದೀಪಕ್ಕೆ ಎಣ್ಣೆ ಹೆಚ್ಚೇ ಹಾಕಿದೆ.

ಹುಡುಗಿ ಬಂದು ಜಗಲಿಯಲ್ಲಿ ಚೀಲ ಇಳಿಸುವ ಮೊದಲೇ ದೊಡ್ಡಮ್ಮ ಕೇಳಿದರು, "ನಮ್ಮ ಬಳ್ಳಿ ಕೊಟ್ಯಾ? ಎಂತ ಅಂದ್ರು?"

"ಸುಟ್ಟುಹಾಕಿದ್ರು."

"ಅಯ್ಯೋ, ಎಂಥಾ ಜನವೇ ಅವರು! ಮನೆಗೆ ಬಂದ ಗಿಡ ಸುಡ್ತಾರಾ?"

ತಪ್ಪಾಯಿತು ಎಂದು ಒಂದು ಮಾತು ಬೇಡವೇ? ಇಲ್ಲ. ಹುಡುಗಿ ಅಜ್ಜಿಯ ಜೊತೆ ಮಾತು ಬಿಟ್ಟಳು. ಎರಡೂ ಕಡೆಯ ದೂರು ಬರುವುದು ನನ್ನ ಅಡುಗೆಮನೆಗೆ. ಸಾರು ಕುದಿಯುವಾಗ ಅವಳು, ಒಗ್ಗರಣೆ ಹೊತ್ತಿಗೆ ಇವರು. ದೇವರೇ, ಇಬ್ಬರಲ್ಲಿ ಒಬ್ಬರಿಗಾದರೂ ಬುದ್ಧಿ ಕೊಡು ಎಂದು ಬೇಡಿಕೊಂಡಿದ್ದೇನೆ. "ಏನೂ ಕೊಡದೆ ಅವರ ತೋಟ ನೋಡ್ಕಂಡು ಬರೋದು ಹ್ಯಾಂಗೆ ಮಾರಾಯ್ತಿ? ನಮ್ಮ ಕೂಸನ್ನ ಗತಿಯಿಲ್ಲದ ಮನೆಯವಳು ಅಂದ್ಕಳಲ್ವಾ?" ಎಂದು ದೊಡ್ಡಮ್ಮ ಒಂದು ದಿನ ಕೇಳಿದರು. ಅಷ್ಟರಲ್ಲಿ ನನ್ನ ಒಗ್ಗರಣೆ ಸೀದುಹೋಯಿತು.

ಮತ್ತೆ ಮಾತು ಶುರುವಾದದ್ದು ದೊಡ್ಡಮ್ಮ ಹಾಸಿಗೆ ಹಿಡಿದ ಮೇಲೆ. ಗಂಜಿ ಕುಡಿಸುತ್ತ ಹುಡುಗಿ ಮೊಬೈಲಿನಲ್ಲಿ ಅಲ್ಲಿಯ ತೋಟಗಳನ್ನು ತೋರಿಸುತ್ತಿದ್ದಳು. ಅಷ್ಟಾದರೂ ಆಯಿತಲ್ಲ... ಹೋದ ನವರಾತ್ರಿಗೆ ಮೊದಲೇ ಅವರು ತೀರಿಕೊಂಡರು.

ಹುಡುಗಿ ಈಗ ಇಲ್ಲೇ ಜಯಪುರದ ಹತ್ತಿರ ಮೆಣಸಿನ ಗಿಡಗಳ ನರ್ಸರಿ ಮಾಡಿದ್ದಾಳೆ. ಹೋದ ತಿಂಗಳು ಬಂದವಳು, ನಮ್ಮ ಅಂಗಳದ ಕೆಂಪು ಡೇರೆಯ ಗಡ್ಡೆ ಕೇಳಿದಳು. ಅದು ಅವಳ ಅಜ್ಜಿ ಕೊಟ್ಟದ್ದೇ, ಅವರ ಮನೆಯಲ್ಲಿ ಈಗ ಉಳಿದಿಲ್ಲ. ಅಗೆದು ಕೊಟ್ಟೆ. ಅವಳು ಚೀಲದಿಂದ ಹಾಳೆ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟಳು. ಅದೇ ಹಲಸಿನ ಮರದ ಮೆಣಸಿನ ಬಳ್ಳಿಯ ಕುಡಿ.

"ಇದೆಂಥದೇ ಕೂಸೇ, ನೀನೂ ಶುರುಮಾಡಿದ್ಯಾ?"

"ಬರಿಗೈಲಿ ಬಂದು ತಗೊಂಡು ಹೋದ್ರೆ ಅಜ್ಜಿ ಬಿಡ್ತಾರಾ ಅತ್ತೆ?"

ಕುಡಿಯನ್ನು ಬಚ್ಚಲ ಹಿಂದಿನ ಮರದ ಬುಡಕ್ಕೆ ನೆಟ್ಟೆ. ಈಗ ಬೆಳಿಗ್ಗೆ ನೆಮ್ಮದಿಯಾಗಿ ಹೂ ಕೊಯ್ಯಬಹುದು, ಯಾರೂ ಅಡ್ಡ ಬರುವುದಿಲ್ಲ. ಇವತ್ತು ಹೂಬುಟ್ಟಿ ಹಿಡಿದು ಹೋದಾಗ ಬಳ್ಳಿಯ ಗೆಣ್ಣಿನಲ್ಲಿ ಒಂದು ಚಿಗುರು ಕಂಡಿತು. ಬೇಲಿಯ ಕಡೆ ತಿರುಗಿದೆ.

"ಚಿಗುರಿತು, ದೊಡ್ಡಮ್ಮಾ" ಎಂದು ನಾನೇ ಹೇಳಿದೆ. ಕೇಳುವವರಿರಲಿಲ್ಲ...