ಜೋಡಿ ಲೆಕ್ಕ

ಅವರ ಎಡಗೈ ಬೆರಳುಗಳ ಸಂದಿಯಲ್ಲಿ ಸದಾ ಉದ್ದಕ್ಕೆ ಮಡಿಸಿದ ಒಂದು ಕಾಗದ ಇರುತ್ತಿತ್ತು. ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ನೋಟುಗಳನ್ನು ಹಾಗೆ ಸಿಕ್ಕಿಸಿಕೊಂಡ ಕೈ ನಿವೃತ್ತಿಯ ನಂತರವೂ ಖಾಲಿ ಇರಲು ಒಪ್ಪುತ್ತಿರಲಿಲ್ಲ. ಸಿಗರೇಟು ಬಿಟ್ಟ ಮೇಲೆ ಆ ಜಾಗಕ್ಕೆ ಕ್ಯಾಲೆಂಡರಿನ ಹಾಳೆ ಬಂದಿತ್ತು.

ಬಸವೇಶ್ವರನಗರದ ನಮ್ಮ ಪಾರ್ಕಿನಲ್ಲಿ ಬೆಳಗ್ಗೆ ಸೇರುತ್ತಿದ್ದ ಆರು ಜನರಿಗೂ ಅವರು ಕಂಡಕ್ಟ್ರು. ಅವರೂ ಸೇರಿ ಆರೂ ಜನ ಸಿಗರೇಟು ಬಿಡಲು ಹೊರಟವರು. ಗುಂಪು ಕಟ್ಟಿದ್ದು, ನಿಯಮ ಮಾಡಿದ್ದು ಅವರೇ. ಇಬ್ಬಿಬ್ಬರು ಒಂದೊಂದು ಜೋಡಿ. ನಿನ್ನೆ ಸೇದಿಲ್ಲವೆಂದರೆ ಮನೆಯ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿದು ತಂದು ಜೋಡಿಯ ಕೈಗೆ ಕೊಡಬೇಕು. ಒಬ್ಬ ಸೇದಿದರೆ ಇಬ್ಬರ ಲೆಕ್ಕವೂ ಒಂದನೆಯ ದಿನಕ್ಕೆ ಇಳಿಯುತ್ತದೆ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದವನು. ಮೊದಲ ದಿನವೇ ವಾದಕ್ಕಿಳಿದೆ. "ನಾನು ಸೇದಿದ್ರೆ ನಿಮ್ಮ ಶ್ವಾಸಕೋಶಕ್ಕೆ ಏನಾಗತ್ತೆ ಸಾರ್? ಇದ್ರಲ್ಲಿ ತರ್ಕ ಎಲ್ಲಿದೆ?"

"ಒಬ್ಬ ಇಳೀಬೇಕು ಅಂದ್ರೂ ಇಡೀ ಬಸ್ಸು ನಿಲ್ಲತ್ತಲ್ಲ ಮೇಷ್ಟ್ರೇ, ಅಲ್ಲಿ ಯಾವ ತರ್ಕ ಇದೆ?" ಎಂದರು. ಉಳಿದವರು ನಕ್ಕರು. ಅವರ ಹಳೆಯ ಜೋಡಿ ಕೆಂಗೇರಿಗೆ ಮನೆ ಬದಲಿಸಿದ್ದರಿಂದ ನನ್ನನ್ನು ಅವರಿಗೆ ಅಂಟಿಸಿದರು.

ಆಗಲೇ ಅವರದು ಇನ್ನೂರೈವತ್ತು ದಿನ ದಾಟಿತ್ತು. ಇನ್ನೂರ ಎಂಬತ್ತಿದ್ದರೂ ಇರಬಹುದು, ನನ್ನ ನೆನಪನ್ನು ನಾನೇ ಅಷ್ಟು ನಂಬುವುದಿಲ್ಲ. ಅವರು ಒಂದು ವರ್ಷ ಮುಟ್ಟಲೇಬೇಕೆಂದಿದ್ದರು. ಮೈಸೂರಿನಲ್ಲಿದ್ದ ಮಗಳ ಮಗುವಿಗೆ ಉಬ್ಬಸ. "ಒಂದು ವರ್ಷ ಬಿಟ್ಟು ತೋರಿಸಿ, ಕರ್ಕೊಂಡು ಬರ್ತೀನಿ" ಎಂದಿದ್ದಳಂತೆ ಮಗಳು. ಅವರೇ ಹೋಗಿ ಮೊಮ್ಮಗಳನ್ನು ನೋಡಿ ಬರುತ್ತಿದ್ದರು. ಅಜ್ಜನ ಮನೆಗೆ ಆ ಮಗು ಒಮ್ಮೆಯೂ ಬಂದಿರಲಿಲ್ಲ.

ಎರಡು ತಿಂಗಳಾದ ಮೇಲೆ ಮಾಗಡಿ ರಸ್ತೆಯ ಒಂದು ಟೀ ಅಂಗಡಿ ಮುಂದೆ ಸಹೋದ್ಯೋಗಿಯೊಬ್ಬರು ಕೊಟ್ಟ ಸಿಗರೇಟನ್ನು ನಾನು ಸೇದಿದೆ. ವಿಶೇಷ ಕಾರಣವೇನೂ ಇರಲಿಲ್ಲ. ಮರುದಿನ ಬೆಳಗ್ಗೆ ಹಾಳೆ ಹರಿದು ತಂದು ಕೊಟ್ಟೆ. ಅವರು ಮಡಿಸಿ ಬೆರಳ ಸಂದಿಗೆ ಸಿಕ್ಕಿಸಿಕೊಂಡರು.

ಒಂದು ವಾರದ ನಂತರ ಮನೆಗೆ ಕರೆದರು. ಗೋಡೆಗೆ ಹೊಸ ಬಣ್ಣ ಬಳಿದಾಗಿತ್ತು. ಒಗೆದ ಪರದೆಗಳು ಹಗ್ಗದ ಮೇಲಿದ್ದವು.

"ಸ್ವಲ್ಪ ಮೂಸಿ ನೋಡಿ ಮೇಷ್ಟ್ರೇ, ಹೊಗೆ ವಾಸ್ನೆ ಇದ್ಯಾ? ನನ್ ಮೂಗನ್ನ ನಂಬಂಗಿಲ್ಲ, ನಲವತ್ತು ವರ್ಷ ಹಾಳು ಮಾಡಿದೀನಿ."

ಪರದೆಯನ್ನು ಮುಖದ ಹತ್ತಿರ ಹಿಡಿದವನು, ನಾನು ಸೇದಿದ್ದನ್ನು ಅಲ್ಲಿಂದಲೇ ಹೇಳಿಬಿಟ್ಟೆ.

ಅವರು ಸ್ಟೂಲಿನ ಮೇಲೆ ಕುಳಿತರು. "ಎಷ್ಟು?"

"ಒಂದು."

"ಪೂರ್ತಿನಾ?"

"ಪೂರ್ತಿ."

"ಆಮೇಲೂ ಚೀಟಿ ಕೊಟ್ರಲ್ಲ." ಇಷ್ಟೇ ಅವರು ಬೈದದ್ದು. ಎದ್ದು ಹೋಗಿ ನನ್ನ ಎದುರಿಗೇ ಮಗಳಿಗೆ ಫೋನು ಮಾಡಿದರು. "ನಂದು ಒಂದಕ್ಕೆ ಬಂತು ಕಣಮ್ಮ."

ಆ ಕಡೆಯ ದನಿ ನನಗೂ ಕೇಳುತ್ತಿತ್ತು. "ನೀವು ಸೇದಿದ್ರಾ ಅಪ್ಪ?"

"ಇಲ್ಲ. ನಮ್ ಜೋಡೀಲಿ ಆಯ್ತು."

"ಇನ್ಯಾರೋ ಸೇದಿದ್ದಕ್ಕೆ ನಿಮ್ದ್ಯಾಕೆ ಹೋಗತ್ತೆ? ನಾವು ಬರ್ತೀವಿ ಬಿಡಿ."

"ಬೇಡ. ಒಂದು ವರ್ಷ ಅಂದಿದ್ದು ನೀನು, ಜೋಡಿ ಅಂದಿದ್ದು ನಾನು. ಎರಡೂ ಇರ್ಲಿ."

ಅದು ಹಟವೆಂದು ಆಗ ಅನಿಸಿತು, ಈಗಲೂ ಅನಿಸುತ್ತದೆ. ಆದರೆ ಮರುದಿನ ಪಾರ್ಕಿನಲ್ಲಿ "ನಮ್ದು ಒಂದು" ಎಂದಷ್ಟೇ ಹೇಳಿ, ಯಾರದು ತಪ್ಪೆಂದು ಎಷ್ಟು ಕೆಣಕಿದರೂ ಬಾಯಿಬಿಡದ ಆ ಮನುಷ್ಯನ ಪಕ್ಕದಲ್ಲಿ ಕುಳಿತ ಮೇಲೆ ನನಗೆ ಸಿಗರೇಟು ಸಾಧ್ಯವಾಗಲಿಲ್ಲ. ಚಡಪಡಿಕೆ ಹೆಚ್ಚಾದ ಸಂಜೆಗಳಲ್ಲಿ ಅವರ ಮನೆಗೆ ಹೋಗುತ್ತಿದ್ದೆ. ಏನೂ ಕೇಳದೆ ಚಪ್ಪಲಿ ಮೆಟ್ಟಿ, "ನಡೀರಿ, ಶ್ರೀಗಂಧದ ಕಾವಲ್‌ವರೆಗೆ ಹೋಗಿ ಬರೋಣ" ಎನ್ನುತ್ತಿದ್ದರು. ದಾರಿಯುದ್ದಕ್ಕೂ ಟಿಕೆಟ್ ತಪ್ಪಿಸುತ್ತಿದ್ದವರ ಕತೆಗಳು. ಅರ್ಧ ಸುಳ್ಳೆಂದು ನನ್ನ ಅನುಮಾನ.

ಹೊಸ ಲೆಕ್ಕಕ್ಕೆ ವರ್ಷ ತುಂಬಿದ ವಾರ ಮಗಳು ಬಂದಳು. ಕೆಂಗೇರಿ ಸ್ಟೇಷನ್ನಿನಲ್ಲಿ ಅವರು ಮೊಮ್ಮಗಳನ್ನು ಎತ್ತಿಕೊಂಡು, "ಇವ್ರು ನನ್ ಜೋಡಿ, ನಮಸ್ಕಾರ ಮಾಡು" ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನನ್ನ ಹೆಂಡತಿ ಮಾತ್ರ, ನೀವು ಅಂದು ಸ್ಟೇಷನ್ನಿಗೇ ಹೋಗಿರಲಿಲ್ಲ, ಅವರು ಹೇಳಿದ್ದನ್ನು ಕೇಳಿದ್ದು ಅಷ್ಟೆ ಎನ್ನುತ್ತಾಳೆ. ಇರಬಹುದು. ಬೇರೆ ಯಾವ ವಿಷಯಕ್ಕಾದರೂ ಸಾಕ್ಷಿ ಕೇಳುವ ನಾನು ಇದೊಂದನ್ನು ಪರೀಕ್ಷಿಸಲು ಹೋಗಿಲ್ಲ.

ಅದಾಗಿ ನಾಲ್ಕು ವರ್ಷಕ್ಕೆ ಅವರು ಹೋದರು. ಸಿಗರೇಟಿಗೆ ಸಂಬಂಧವಿಲ್ಲದ, ಎರಡೇ ದಿನದ ಜ್ವರ. ಮಣ್ಣು ಕೊಟ್ಟು ರುದ್ರಭೂಮಿಯ ಹೊರಗೆ ನಿಂತಿದ್ದಾಗ ಅವರ ಕಾಲದ ಡ್ರೈವರೊಬ್ಬರು ಪ್ಯಾಕು ತೆಗೆದು ನನ್ನತ್ತ ಚಾಚಿದರು.

"ತಗೊಳಿ ಸಾರ್. ಇವತ್ತೊಂದಿನ."

"ಬೇಡ ಸಾರ್," ಎಂದೆ. "ಅವರದೂ ಹೋಗತ್ತೆ."